ರಟ್ಟಕ್ಕನ ಆಯ್ಕೆ ಪತ್ರ

ನೋಂದಣಿ ಕಚೇರಿಯ ಹಿಂಬದಿಯ ಕೋಣೆಯಲ್ಲಿ ಮೂವತ್ನಾಲ್ಕು ವರ್ಷ ಕೂತು ಕಾಗದಗಳಿಗೆ ರಟ್ಟು ಕಟ್ಟಿದವಳನ್ನು ಎಲ್ಲರೂ ರಟ್ಟಕ್ಕ ಎಂದೇ ಕರೆಯುತ್ತಿದ್ದರು. ಸಂಬಳದ ಪಟ್ಟಿಯಲ್ಲಿ ಬೇರೆ ಹೆಸರಿತ್ತು. ಅದನ್ನು ಗಟ್ಟಿಯಾಗಿ ಓದುವ ಗುಮಾಸ್ತ ಕೂಡ ಓದಿ ಮುಗಿಸಿ, ‘ರಟ್ಟಕ್ಕಾ, ಇಲ್ಲಿ ಸೈನು’ ಎನ್ನುತ್ತಿದ್ದ. ಜಮೀನು ಮಾರಿದ್ದು, ಮನೆ ಕೊಂಡದ್ದು, ಮದುವೆಯಾದದ್ದು, ಮಗು ಹುಟ್ಟಿದ್ದು, ಜನ ಮಾಡಿದ್ದೆಲ್ಲ ಕೊನೆಗೆ ಹಾಳೆಯಾಗಿ ಅವಳ ಮೇಜಿಗೆ ಬರುತ್ತಿತ್ತು. ಅವಳು ಇನ್ನೂರು ಹಾಳೆ ಸೇರಿಸಿ, ಅಂಚು ಕುಟ್ಟಿ ಸಮ ಮಾಡಿ, ದಬ್ಬಳದಲ್ಲಿ ತೂತು ಹಾಕಿ, ಮೇಣ ಸವರಿದ ದಾರದಲ್ಲಿ ಹೊಲಿದು, ಬೆನ್ನಿಗೆ ಬಟ್ಟೆ ಅಂಟಿಸಿ, ಎರಡು ರಟ್ಟಿನ ನಡುವೆ ಕೂರಿಸುತ್ತಿದ್ದಳು. ಹಾಳೆಯಲ್ಲಿ ಏನಿದೆ ಎಂದು ಓದುತ್ತಿರಲಿಲ್ಲ. ಓದಿದರೆ ಕೈ ನಿಧಾನವಾಗುತ್ತದೆ ಎಂಬುದು ಅವಳ ಅನುಭವ. ಯಾವ ಗುಟ್ಟೂ ರಟ್ಟಾಗದ ಹಾಗೆ ರಟ್ಟು ಕಟ್ಟುವವಳು ಅಂತ ಕಚೇರಿಯ ಹಳೇ ತಮಾಷೆ. ಅದಕ್ಕೆ ಅವಳು ಮೊದಲ ಸಲವೂ ನಕ್ಕಿರಲಿಲ್ಲ.

ಅವಳು ನಿವೃತ್ತಳಾಗುವ ವರ್ಷ ಹೊಸ ಸುತ್ತೋಲೆ ಬಂತು. ಅದುವರೆಗೆ ನಿವೃತ್ತರಾದವರಿಗೆ ಕಚೇರಿಯಿಂದ ಒಂದು ಗೋಡೆ ಗಡಿಯಾರ ಕೊಡುತ್ತಿದ್ದರು. ನಿವೃತ್ತರಿಗೆ ಹೊತ್ತು ತಿಳಿದು ಏನಾಗಬೇಕು ಎಂದು ಯಾರೂ ಕೇಳಿರಲಿಲ್ಲ. ಇನ್ನು ಮುಂದೆ ಒಂದು ಟ್ಯಾಬ್ಲೆಟ್ ಅಥವಾ ಒಂದು ಲ್ಯಾಪ್‌ಟಾಪ್ ಕೊಡಲಾಗುವುದು, ಯಾವುದು ಬೇಕೆಂಬುದನ್ನು ಹದಿನೈದು ದಿನದೊಳಗೆ ಆಯ್ಕೆ ಪತ್ರದಲ್ಲಿ ತಿಳಿಸತಕ್ಕದ್ದು, ಒಮ್ಮೆ ಕೊಟ್ಟ ಆಯ್ಕೆಯನ್ನು ಬದಲಾಯಿಸಲು ಅವಕಾಶವಿಲ್ಲ ಎಂದು ಸುತ್ತೋಲೆ ಹೇಳಿತು. ಪತ್ರದಲ್ಲಿ ಎರಡು ಚೌಕಗಳಿದ್ದವು. ಎರಡಕ್ಕೂ ಟಿಕ್ ಹಾಕಿದರೆ ಪತ್ರ ಅಸಿಂಧು, ಯಾವುದಕ್ಕೂ ಹಾಕದಿದ್ದರೆ ಏನೂ ಬೇಡ ಎಂದು ಅರ್ಥ. ಈ ನಿಯಮದ ಕೆಳಗೆ ನಿವೃತ್ತಳಾಗುವ ಮೊದಲಿಗಳು ರಟ್ಟಕ್ಕ. ಹಾಗಾಗಿ ಇಡೀ ಕಚೇರಿ ಅವಳ ಚೌಕದ ಮೇಲೆ ಕಣ್ಣಿಟ್ಟಿತು.

ಗುಮಾಸ್ತ ಲ್ಯಾಪ್‌ಟಾಪೇ ಸರಿ ಎಂದ, ಅದರಲ್ಲಿ ಕೀಲಿಮಣೆ ಇದೆ ಎಂದು. ಟೈಪು ಮಾಡುವ ಹೆಂಗಸು ಟ್ಯಾಬ್ಲೆಟ್ಟೇ ಸರಿ ಎಂದಳು, ಅದರಲ್ಲಿ ಕೀಲಿಮಣೆ ಇಲ್ಲ ಎಂದು. ಜೀಪಿನ ಡ್ರೈವರು ಯಾವುದಕ್ಕೆ ಬೆಲೆ ಜಾಸ್ತಿಯೋ ಅದಕ್ಕೆ ಟಿಕ್ ಹಾಕಿ ಎಂದು ಹೇಳಿ ಜೀಪು ಒರೆಸಲು ಹೋದ. ಸೂಪರಿಂಟೆಂಡೆಂಟರು ಮಾತ್ರ ಏನೂ ಹೇಳಲಿಲ್ಲ. ಇನ್ನೊಬ್ಬರ ಆಯ್ಕೆಯ ಬಗ್ಗೆ ಅಭಿಪ್ರಾಯ ಕೊಡಲು ನಿಯಮದಲ್ಲಿ ಜಾಗವಿದೆಯೇ ಎಂದು ಅವರು ಹುಡುಕಿದ್ದರು, ಸಿಕ್ಕಿರಲಿಲ್ಲ.

ರಟ್ಟಕ್ಕನಿಗೆ ಎರಡೂ ಬೇಕಿರಲಿಲ್ಲ, ಎರಡೂ ಬೇಡವೂ ಆಗಿರಲಿಲ್ಲ. ಅವಳು ಆ ವಿಷಯ ಯೋಚಿಸಿಯೇ ಇರಲಿಲ್ಲ. ಆದರೆ ಕೇಳಿದ ಮೇಲೆ ಸರಿಯಾದ ಉತ್ತರ ಕೊಡಬೇಕು. ಒಂದು ಶನಿವಾರ ಮಧ್ಯಾಹ್ನ ಕಚೇರಿ ಮುಗಿಸಿ ದೊಡ್ಡ ರಸ್ತೆಯ ಅಂಗಡಿಗೆ ಹೋದಳು. ಕೊರಳಲ್ಲಿ ಕೀಲಿಗೊಂಚಲು ನೇತುಹಾಕಿಕೊಂಡಿದ್ದ ಅಂಗಡಿಯಾಕೆ, ತನಗಿಂತ ಹತ್ತು ವರ್ಷ ಚಿಕ್ಕವಳಿರಬೇಕು, ಒಂದು ಟ್ಯಾಬ್ಲೆಟ್ ತಂದು ಮುಂದಿಟ್ಟು ಮುಟ್ಟಿ ನೋಡಿ ಎಂದಳು.

ರಟ್ಟಕ್ಕ ಮುಟ್ಟಿದಳು. ಏನೂ ಆಗಲಿಲ್ಲ. ಒತ್ತಿದಳು. ಆಗಲೂ ಏನೂ ಆಗಲಿಲ್ಲ. ಅಂಗಡಿಯಾಕೆ ಗಾಜು ಒರೆಸಿ ತಾನು ಮುಟ್ಟಿದಳು, ಚಿತ್ರಗಳು ಓಡಾಡಿದವು. ರಟ್ಟಕ್ಕ ಮುಟ್ಟಿದಾಗ ಅವು ಮತ್ತೆ ನಿಂತಲ್ಲೇ ನಿಂತವು. ಅಂಗಡಿಯಾಕೆ ಅವಳ ಕೈ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದಳು. ಮೂವತ್ನಾಲ್ಕು ವರ್ಷ ಕಾಗದ ಸವರಿ, ದಾರ ಎಳೆದು, ಅಂಟಿನಲ್ಲಿ ಅದ್ದಿ ತೆಗೆದ ಬೆರಳ ತುದಿಗಳು ಚರ್ಮದ ಚೀಲದ ಹಿಡಿಯ ಹಾಗೆ ಗಟ್ಟಿಯಾಗಿ, ಗೆರೆಯಿಲ್ಲದೆ ಹೊಳೆಯುತ್ತಿದ್ದವು.

‘ಇದಕ್ಕೆ ನೀವು ಮುಟ್ಟಿದ್ದು ಗೊತ್ತಾಗ್ತಿಲ್ಲಮ್ಮ,’ ಎಂದಳು ಅಂಗಡಿಯಾಕೆ, ಕಾಯಿಲೆಯ ಸುದ್ದಿ ಹೇಳುವ ದನಿಯಲ್ಲಿ.

ಹತ್ತು ಬೆರಳೂ ಆಯಿತು. ಕೊನೆಗೆ ರಟ್ಟಕ್ಕ ಬೆರಳು ಮಡಚಿ ಗೆಣ್ಣಿನಿಂದ ಒಮ್ಮೆ ತಟ್ಟಿದಳು. ತೆರೆದುಕೊಂಡಿತು. ಬೇರೆಯವರ ಮನೆ ಬಾಗಿಲು ತಟ್ಟಿದ ಹಾಗೆ ಒಂದೊಂದನ್ನೇ ತಟ್ಟುತ್ತ ಅವಳು ಕ್ಯಾಲೆಂಡರು, ಕ್ಯಾಮೆರಾ, ಒಂದು ಜಲಪಾತದ ಚಿತ್ರ ಎಲ್ಲ ನೋಡಿಬಂದಳು.

ಆಮೇಲೆ ಲ್ಯಾಪ್‌ಟಾಪ್ ಬಂತು. ಕೀಲಿಗಳು ಯಾರು ಒತ್ತಿದರೂ ಒತ್ತಿಸಿಕೊಂಡವು. ಅದು ಅವಳಿಗೆ ಹಿಡಿಸಿತು. ಆದರೆ ಅವಳು ಪರದೆ ನೋಡಿದ್ದಕ್ಕಿಂತ ಹೆಚ್ಚಾಗಿ ಅದರ ಕೀಲು ನೋಡಿದಳು. ಮುಚ್ಚಿ ತೆರೆದು, ತೆರೆದು ಮುಚ್ಚಿ, ಬೆನ್ನಿನ ಕಡೆ ಉಗುರಾಡಿಸಿ ನೋಡಿದಳು.

‘ಇದು ಪೂರ್ತಿ ಬಿಚ್ಚಿಕೊಳ್ಳಲ್ವಾ?’

‘ಇಲ್ಲಮ್ಮ, ಇಷ್ಟೇ.’

ಯಾರೋ ಅವಸರದಲ್ಲಿ ಕಟ್ಟಿ ಕಳಿಸಿದ್ದಾರೆ ಎಂದುಕೊಂಡಳು ರಟ್ಟಕ್ಕ. ಆದರೂ ಕಟ್ಟಿದ್ದಾರಲ್ಲ. ಎರಡು ರಟ್ಟಿದೆ, ಮುಚ್ಚಿದರೆ ಒಳಗಿನದು ಒಳಗೆ ಉಳಿಯುತ್ತದೆ. ಟ್ಯಾಬ್ಲೆಟ್ ಎಂದರೆ ಬಿಡಿ ಹಾಳೆ. ಆ ಕಚೇರಿಯಲ್ಲಿ ಅವಳ ಕಾಲದಲ್ಲಿ ಏನಾದರೂ ಕಳೆದುಹೋಗಿದ್ದರೆ ಅದು ಬಿಡಿ ಹಾಳೆಯೇ. ಸೋಮವಾರ ಬೆಳಿಗ್ಗೆ ಲ್ಯಾಪ್‌ಟಾಪಿನ ಚೌಕಕ್ಕೆ ಟಿಕ್ ಹಾಕಿ, ಸೈನು ಮಾಡಿ, ಗುಮಾಸ್ತನ ಕೈಗೆ ಕೊಟ್ಟಳು. ಅವನು ದುಂಡು ಮೊಹರು ಒತ್ತಿ, ನಂಬರು ಬರೆದು, ಶುಭವಾಗಲಿ ಎಂದ.

ಅವಳ ಜೊತೆ ಮನೆಯಲ್ಲಿದ್ದದ್ದು ತಂಗಿ, ನಾಲ್ಕು ವರ್ಷಕ್ಕೆ ಚಿಕ್ಕವಳು. ದೊಡ್ಡ ಆಸ್ಪತ್ರೆಯೊಂದರಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದು, ಬೆನ್ನು ಕೈಕೊಟ್ಟು ಅವಧಿಗೆ ಮೊದಲೇ ಕೆಲಸ ಬಿಟ್ಟವಳು. ಅರ್ಧ ಗಂಟೆಗಿಂತ ಹೆಚ್ಚು ಕೂರಲು ಆಗುತ್ತಿರಲಿಲ್ಲ. ದಿನದ ಬಹುಪಾಲು ಮುಂದಿನ ಕೋಣೆಯ ಕಿಟಕಿ ಪಕ್ಕದ ಮಂಚದಲ್ಲಿ ಮಲಗಿ, ಸಣ್ಣ ಫೋನನ್ನು ಮುಖದ ಮೇಲೆ ಎತ್ತಿ ಹಿಡಿದು ಸಿನಿಮಾ ನೋಡುತ್ತಿದ್ದಳು. ಕೈ ಸೋತಾಗ ಫೋನು ಮೂಗಿನ ಮೇಲೆ ಬೀಳುತ್ತಿತ್ತು. ಆ ಬುಧವಾರ ಬಿದ್ದಾಗ ತುಟಿ ಒಡೆಯಿತು. ತಂಗಿ ಅದನ್ನೇನೂ ದೊಡ್ಡದು ಮಾಡಲಿಲ್ಲ. ಎದ್ದು ಕನ್ನಡಿ ನೋಡಿ, ಹತ್ತಿ ಒತ್ತಿಕೊಂಡು, ಸಿನಿಮಾ ಎಲ್ಲಿ ನಿಂತಿತ್ತೋ ಅಲ್ಲಿಂದ ಮುಂದುವರಿಸಿದಳು.

ರಟ್ಟಕ್ಕನಿಗೆ ಆಗ ಹೊಳೆಯಿತು. ಮಲಗಿ ನೋಡುವವರಿಗೆ ಟ್ಯಾಬ್ಲೆಟ್, ಕೂತು ನೋಡುವವರಿಗೆ ಲ್ಯಾಪ್‌ಟಾಪ್. ಈ ಮನೆಯಲ್ಲಿ ನೋಡುವವಳು ತಂಗಿ ಒಬ್ಬಳೇ, ಅವಳು ಮಲಗುವವಳು. ತಾನು ಟಿಕ್ ಹಾಕಿದ್ದು ಕೀಲು ನೋಡಿ.

ಮಾರನೆಯ ದಿನ ಗುಮಾಸ್ತನನ್ನು ಕೇಳಿದಳು. ಅವನು ಸುತ್ತೋಲೆ ತೆಗೆದು ಆ ಸಾಲಿನ ಕೆಳಗೆ ಬೆರಳಿಟ್ಟ. ‘ನಂಗೂ ಬೇಜಾರೇ ರಟ್ಟಕ್ಕಾ. ಆದ್ರೆ ಸಾಲು ಇಲ್ಲೇ ಇದೆ ನೋಡಿ.’ ಅವಳು ನೋಡಿದಳು. ಸಾಲು ಅಲ್ಲೇ ಇತ್ತು.

ಕೆಲಸದ ಕೊನೆಯ ವಾರ ನಿವೃತ್ತಿಯ ಕಾಗದಗಳ ಕಟ್ಟು ಅವಳ ಮೇಜಿಗೆ ಬಂತು. ಎಂದಿನಂತೆ ಓದದೆ ಕುಟ್ಟಿ, ತೂತು ಹಾಕಿ, ಹೊಲಿದು, ರಟ್ಟು ಹಾಕಿ, ಭಾರದ ಕಲ್ಲಿನ ಕೆಳಗೆ ಒಣಗಲು ಇಟ್ಟಳು. ತನ್ನ ಆಯ್ಕೆ ಪತ್ರ ತನ್ನ ಕೈಕೆಳಗೇ ಹಾದುಹೋಯಿತು ಎಂಬುದು ಮಾರನೆಯ ದಿನ ಬೆನ್ನಿನ ಮೇಲೆ ಚೀಟಿ ಅಂಟಿಸುವಾಗ ಗೊತ್ತಾಯಿತು. ಕಟ್ಟುವ ಮುಂಚೆ ಆಗಿದ್ದರೆ ಎರಡು ನಿಮಿಷದ ಕೆಲಸ. ಈಗ ಕಟ್ಟಿ ಆಗಿತ್ತು. ಕಟ್ಟಿದ ಸಂಪುಟದಿಂದ ಒಂದು ಹಾಳೆ ತೆಗೆದು ಇನ್ನೊಂದನ್ನು ಯಾರಿಗೂ ತಿಳಿಯದಂತೆ ಕೂರಿಸುವುದು ಯಾರಿಂದಲೂ ಆಗದ ಮಾತು ಎಂದು ಆ ಕಚೇರಿ ನಂಬಿತ್ತು. ಆಗುವವಳು ಒಬ್ಬಳಿದ್ದಳು. ಅವಳು ಇದುವರೆಗೆ ಮಾಡಿರಲಿಲ್ಲ, ಅಷ್ಟೇ.

ಊಟದ ಹೊತ್ತಿಗೆ ಎಲ್ಲರೂ ಎದ್ದು ಹೋದರು. ಖಾಲಿ ಆಯ್ಕೆ ಪತ್ರಗಳು ಕಾರಿಡಾರಿನ ಟ್ರೇಯಲ್ಲೇ ಇರುತ್ತಿದ್ದವು. ಒಂದನ್ನು ತಂದು, ಟ್ಯಾಬ್ಲೆಟ್ ಚೌಕಕ್ಕೆ ಟಿಕ್ ಹಾಕಿ, ಹಳೆಯ ದಿನಾಂಕವನ್ನೇ ಬರೆದು, ಸೈನು ಮಾಡಿದಳು. ಬೆನ್ನಿನ ಬಟ್ಟೆಗೆ ಒದ್ದೆ ಸ್ಪಂಜು ಒತ್ತಿ ಸಡಿಲಿಸಿ, ದಾರವನ್ನು ಕತ್ತರಿಸದೆ ಸೂಜಿ ತುದಿಯಲ್ಲಿ ಎತ್ತಿ ಬಿಚ್ಚಿ, ಹಾಳೆ ಬದಲಿಸಿ, ಅದೇ ತೂತುಗಳಲ್ಲಿ ಅದೇ ದಾರ ಎಳೆದಳು. ಗಂಟು ಕೂಡ ಮೊದಲಿದ್ದಲ್ಲೇ ಕೂತಿತು. ಇಷ್ಟು ಅಚ್ಚುಕಟ್ಟಾದ ಕೆಲಸ ತಾನು ಮಾಡಿ ವರ್ಷಗಳಾಗಿತ್ತು ಅನಿಸಿತು, ಹಾಗೆ ಅನಿಸಿದ್ದಕ್ಕೆ ನಾಚಿಕೆಯೂ ಆಯಿತು. ತೆಗೆದ ಹಾಳೆಯನ್ನು ಹರಿದು ಬಿಸಾಡಬೇಕು ಎಂದು ಕೈಗೆತ್ತಿಕೊಂಡಳು. ಕೈ ಹರಿಯಲಿಲ್ಲ. ದಾಖಲೆಯ ಹಾಳೆ ಹರಿಯುವುದನ್ನು ಅದು ಕಲಿತಿರಲಿಲ್ಲ. ಮಡಚದೆ ಚೀಲದೊಳಗೆ ಇಟ್ಟುಕೊಂಡು ಮನೆಗೆ ಒಯ್ದಳು.

ಸಂಪುಟ ತನ್ನ ಕೈ ಸೇರಿದ ಮೇಲೇ ಗುಮಾಸ್ತ ಅದನ್ನು ತೆರೆದು ನೋಡಿ ಅಂಗಡಿಗೆ ಬರೆಯುತ್ತಾನೆ ಎಂದು ಅವಳ ಲೆಕ್ಕಾಚಾರ. ಆ ಕಚೇರಿಯಲ್ಲಿ ಯಾವ ಕೆಲಸವೂ ಅದಕ್ಕಿಂತ ಮುಂಚೆ ನಡೆದ ಇತಿಹಾಸವಿರಲಿಲ್ಲ. ಆದರೆ ಹೊಸ ನಿಯಮದ ಹುರುಪಿನಲ್ಲಿ ಗುಮಾಸ್ತ ಪತ್ರ ಕೈಗೆ ಬಂದ ದಿನವೇ ಬರೆದು ಕಳಿಸಿಬಿಟ್ಟಿದ್ದ. ಬೀಳ್ಕೊಡುಗೆಯ ದಿನ ಪೆಟ್ಟಿಗೆ ಕೊಟ್ಟರು. ಮನೆಗೆ ಬಂದು ಬಿಚ್ಚಿದರೆ ಲ್ಯಾಪ್‌ಟಾಪ್. ಬೇರೆ ಯಾರದ್ದೋ ತಪ್ಪಿ ಬಂದಿರಬೇಕು ಎಂದುಕೊಂಡಳು. ಆ ತಿಂಗಳು ನಿವೃತ್ತಳಾದವಳು ಅವಳೊಬ್ಬಳೇ.

ತಂಗಿ ಅದನ್ನು ಹೊದಿಕೆಯ ಮೇಲೆ ಇಟ್ಟುಕೊಂಡು ಒಂದು ದಿನ ನೋಡಿದಳು, ಎರಡು ದಿನ ನೋಡಿದಳು. ಮೂರನೆಯ ದಿನ ಎಡಮಗ್ಗುಲಾಗಿ ಮಲಗಿ, ಲ್ಯಾಪ್‌ಟಾಪನ್ನು ಅರೆತೆರೆದ ಪುಸ್ತಕದ ಹಾಗೆ ಅಂಚಿನ ಮೇಲೆ ನಿಲ್ಲಿಸಿದಳು. ಮಲಗಿದವಳ ಕಣ್ಣಿಗೆ ಚಿತ್ರ ನೆಟ್ಟಗೆ ಕಾಣುತ್ತಿತ್ತು. ಹಿಡಿದುಕೊಳ್ಳುವ ಗೋಜಿಲ್ಲ, ಮೂಗಿನ ಮೇಲೆ ಬೀಳುವ ಭಯವಿಲ್ಲ. ಟ್ಯಾಬ್ಲೆಟ್ ಆಗಿದ್ದರೆ ಹೀಗೆ ನಿಲ್ಲುತ್ತಲೇ ಇರಲಿಲ್ಲ ಎಂದು ತಂಗಿ ತನ್ನ ಹಳೆಯ ಸಹೋದ್ಯೋಗಿಗೆ ಫೋನಿನಲ್ಲಿ ಹೇಳುವುದು ಅಡುಗೆಮನೆಯಲ್ಲಿದ್ದ ರಟ್ಟಕ್ಕನಿಗೆ ಕೇಳಿಸಿತು. ಅವಳು ಪಾತ್ರೆ ತೊಳೆಯುವುದನ್ನು ಸ್ವಲ್ಪ ಹೊತ್ತು ನಿಲ್ಲಿಸಿ, ಆಮೇಲೆ ತೊಳೆದಳು.

ಎರಡು ತಿಂಗಳು ಕಳೆಯಿತು. ಒಂದು ಭಾನುವಾರ ಬೆಳಿಗ್ಗೆ ಗುಮಾಸ್ತ ಮನೆಗೆ ಬಂದ. ಮುಖದ ಮೇಲೆ ಹೊಸ ಕನ್ನಡಕವಿತ್ತು. ಚಹಾ ಕೊಟ್ಟಳು. ಅವನು ಲೋಟ ಹಿಡಿದು, ಅದರ ಒಳಗೆ ನೋಡುತ್ತ ವಿಷಯಕ್ಕೆ ಬಂದ. ತಪಾಸಣೆಯವರು ಬಂದಿದ್ದರಂತೆ. ಸಂಪುಟದಲ್ಲಿ ಆಯ್ಕೆ ಟ್ಯಾಬ್ಲೆಟ್, ಕೊಟ್ಟದ್ದು ಲ್ಯಾಪ್‌ಟಾಪ್, ವಿವರಣೆ ಕೊಡತಕ್ಕದ್ದು ಎಂದು ಅವನ ಹೆಸರಿಗೆ ನೋಟೀಸು ಕೊಟ್ಟಿದ್ದರಂತೆ.

‘ನೋಟೀಸು ಹೋಗ್ಲಿ ಬಿಡಿ,’ ಎಂದ. ‘ಟಿಕ್ಕು ಲ್ಯಾಪ್‌ಟಾಪ್ ಮೇಲೆ ಇತ್ತು ಅಂತ ನಂಗೆ ಕಣ್ಣಿಗೆ ಕಟ್ಟಿದ ಹಾಗಿದೆ. ಸಂಪುಟ ತೆಗೆದು ನೋಡಿದ್ರೆ ಟ್ಯಾಬ್ಲೆಟ್ ಮೇಲಿದೆ. ಕಣ್ಣು ತೋರಿಸ್ದೆ. ಡಾಕ್ಟರು ಕಣ್ಣು ಸರಿಯಾಗೇ ಇದೆ ಅಂದ್ರು. ಆದ್ರೂ ಇರ್ಲಿ ಅಂತ ಕನ್ನಡಕ ಮಾಡಿಸ್ಕೊಂಡೆ.’

ರಟ್ಟಕ್ಕ ಬಿಸ್ಕತ್ತಿನ ತಟ್ಟೆಯನ್ನು ಅವನ ಕಡೆ ಸರಿಸಿದಳು.

‘ಕಣ್ಣು ಸರಿಯಿದ್ರೆ ಇನ್ನೇನು ಕೆಟ್ಟಿದೆ ಅಂತ ಅಲ್ವಾ ಭಯ. ನಮ್ಮಪ್ಪಂಗೂ ಹೀಗೇ ಶುರುವಾಗಿದ್ದು. ಚಿಕ್ಕಚಿಕ್ಕದು. ಕೊನೆಗೆ ನನ್ನನ್ನೇ ಯಾರಪ್ಪ ನೀನು ಅಂತ ಕೇಳ್ತಿದ್ರು.’

ಅವನು ಈಗ ಮನೆ ಬೀಗ ಹಾಕಿ ಬೀದಿ ತುದಿಯವರೆಗೂ ಹೋಗಿ ಮತ್ತೆ ಬಂದು ನೋಡುತ್ತಿದ್ದನಂತೆ. ಮೊಹರು ಒತ್ತಿದ ಪ್ರತಿ ಕಾಗದವನ್ನೂ ಎರಡೆರಡು ಸಲ ಹೆಂಡತಿಗೆ ಬಾಯಲ್ಲಿ ಹೇಳಿ ಒಪ್ಪಿಸುತ್ತಿದ್ದನಂತೆ. ಅವಳು ಏನು ಟಿಕ್ ಹಾಕಿದ್ದಳು ಎಂದು ಕೇಳಿ ಮನಸ್ಸು ಹಗುರ ಮಾಡಿಕೊಳ್ಳಲು ಬಂದವನು, ಕೇಳುವ ಧೈರ್ಯ ಸಾಲದೆ ಚಹಾ ಮುಗಿಸಿದ. ರಟ್ಟಕ್ಕ ಬಾಯಿ ತೆರೆದಳು. ನಿಮ್ಮ ಕಣ್ಣು ಸರಿಯಾಗೇ ಇದೆ, ತಲೆಯೂ ಸರಿಯಾಗೇ ಇದೆ ಎಂದಷ್ಟೇ ಬಂತು. ಅದನ್ನು ಅವನು ಸಮಾಧಾನದ ಮಾತು ಎಂದು ತೆಗೆದುಕೊಂಡು, ಥ್ಯಾಂಕ್ಸ್ ಹೇಳಿ ಹೋದ.

ಸೋಮವಾರ ಕಚೇರಿ ತೆರೆಯುವ ಮೊದಲೇ ಅವಳು ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಒಂದು ರಟ್ಟಿನ ಫೈಲು, ಅದರೊಳಗೆ ಹಳೆಯ ಹಾಳೆ. ಸೂಪರಿಂಟೆಂಡೆಂಟರ ಮುಂದೆ ನಿಂತು, ಹಾಳೆ ಬದಲಾಯಿಸಿದ್ದು ತಾನು, ಗುಮಾಸ್ತರ ತಪ್ಪೇನೂ ಇಲ್ಲ ಎಂದು ಒಂದೇ ಉಸಿರಿಗೆ ಹೇಳಿದಳು. ಅವರು ಸಂಪುಟ ತರಿಸಿದರು. ಬೆನ್ನು ನೋಡಿದರು, ಹೊಲಿಗೆ ನೋಡಿದರು. ಹಳೆಯ ಸೀಲುಗಳನ್ನು ಓದಲು ಇಟ್ಟುಕೊಂಡಿದ್ದ ಭೂತಗನ್ನಡಿ ತೆಗೆದು ಒಂದೊಂದು ತೂತನ್ನೂ ನೋಡಿದರು.

‘ಇದು ಬಿಚ್ಚಿದ ಹೊಲಿಗೆ ಅಲ್ಲ,’ ಎಂದರು.

‘ಬಿಚ್ಚಿದೀನಿ ಸಾರ್.’

‘ಬಿಚ್ಚಿದ್ರೆ ಗೊತ್ತಾಗುತ್ತೆ. ನೀವು ಗುಮಾಸ್ತರನ್ನ ಉಳಿಸೋಕೆ ಹೇಳ್ತಿದೀರಿ. ಒಳ್ಳೇದೇ. ಆದ್ರೆ ದಾಖಲೆ ಹಾಗೆ ಹೇಳ್ತಿಲ್ಲ.’

ರಟ್ಟಕ್ಕ ಫೈಲು ತೆರೆದು ಹಳೆಯ ಹಾಳೆಯನ್ನು ಮೇಜಿನ ಮೇಲಿಟ್ಟಳು. ಸೂಪರಿಂಟೆಂಡೆಂಟರು ಎರಡನ್ನೂ ಪಕ್ಕ ಪಕ್ಕ ಇಟ್ಟುಕೊಂಡು ನೋಡಿದರು. ಬಹಳ ಹೊತ್ತು ನೋಡಿದರು. ಹೊರಗೆ ಜೀಪು ಶುರುವಾಗಿ ಹೋಯಿತು.

‘ಇದಕ್ಕೆ ಮೊಹರಿದೆ,’ ಎಂದರು ಕೊನೆಗೆ. ‘ಅದಕ್ಕಿಲ್ಲ.’

ಹೌದು, ಸಂಪುಟದೊಳಗಿನ ಪತ್ರಕ್ಕೆ ಕಚೇರಿಯ ಮೊಹರೇ ಇರಲಿಲ್ಲ. ಮೊಹರು ಗುಮಾಸ್ತನ ಡ್ರಾಯರಿನೊಳಗೆ ಬೀಗದಲ್ಲಿರುತ್ತಿತ್ತು. ರಟ್ಟಕ್ಕನಿಗೆ ಅದು ಸಿಕ್ಕಿರಲಿಲ್ಲ, ನೆನಪಿಗೂ ಬಂದಿರಲಿಲ್ಲ. ತಪಾಸಣೆಯವರು ಅದೇ ಹಾಳೆ ಮೂರು ಸಲ ನೋಡಿದ್ದರು, ಗುಮಾಸ್ತ ಹೊಸ ಕನ್ನಡಕ ಹಾಕಿಕೊಂಡು ನೋಡಿದ್ದ, ಸೂಪರಿಂಟೆಂಡೆಂಟರು ಈಗಷ್ಟೇ ಭೂತಗನ್ನಡಿಯಲ್ಲಿ ನೋಡಿದ್ದರು. ಕೆಲವರು ಟಿಕ್ಕು ನೋಡಿದ್ದರು, ಕೆಲವರು ದಾರ ನೋಡಿದ್ದರು.

ಅವರು ಕುರ್ಚಿಗೆ ಒರಗಿದರು. ‘ಇಲ್ಲಿ ನೀವು ಕಟ್ಟಿದ ಸಂಪುಟ ಎಷ್ಟು?’

‘ಎಣಿಸಿಲ್ಲ ಸಾರ್.’

‘ಒಂಬತ್ತು ಸಾವಿರದ ಚಿಲ್ಲರೆ. ಯಾರ ಮನೆ ಯಾರದ್ದು ಅನ್ನೋದೆಲ್ಲ ಅದರೊಳಗಿದೆ. ಒಂದರಲ್ಲಿ ಹಾಳೆ ಬದಲಾಗಿದೆ ಅಂತ ನಾನು ಬರೆದ್ರೆ, ನಾಳೆ ಒಬ್ಬೊಬ್ಬ ವಕೀಲನೂ ಬಂದು ಒಂದೊಂದನ್ನೂ ಬಿಚ್ಚಿ ತೋರ್ಸಿ ಅಂತಾನೆ.’

ಅವಳಿಗೆ ಅದು ಹೊಳೆದಿರಲಿಲ್ಲ.

‘ಬೇರೆ ಯಾವುದಾದ್ರೂ ಇದೆಯಾ?’ ಎಂದು ಕೇಳಿದರು ಅವರು, ದನಿ ಏರಿಸದೆ.

‘ಇಲ್ಲ ಸಾರ್.’

ಅವರು ಅವಳ ಮುಖವನ್ನು, ಸ್ವಲ್ಪ ಹೊತ್ತಿಗೆ ಮುಂಚೆ ಹೊಲಿಗೆಯನ್ನು ನೋಡಿದ ಹಾಗೇ ನೋಡಿದರು. ‘ಸರಿ,’ ಎಂದರು.

ಬೈದಿದ್ದರೆ ಅವಳು ತಾಳಿಕೊಳ್ಳುತ್ತಿದ್ದಳು. ಆ ಪ್ರಶ್ನೆಯನ್ನು ತನಗೆ ಒಬ್ಬರು ಕೇಳಬಹುದಾಯಿತು, ಕೇಳಿ ಉತ್ತರಕ್ಕೆ ಕಾಯಬಹುದಾಯಿತು ಎಂಬುದು ಮಾತ್ರ ಆಮೇಲೆ ಎಷ್ಟೋ ದಿನ ಅವಳ ಮನಸ್ಸಿನಿಂದ ಹೋಗಲಿಲ್ಲ.

ಸೂಪರಿಂಟೆಂಡೆಂಟರು ನಿಯಮದ ಪುಸ್ತಕ ತೆಗೆದರು. ಮೊಹರಿಲ್ಲದ್ದು ಬರೀ ಕಾಗದ, ದಾಖಲೆ ಅಲ್ಲ. ದಾಖಲೆಯೇ ಅಲ್ಲದ್ದನ್ನು ಬದಲಾಯಿಸಿದರು ಎನ್ನಲು ಬರುವುದಿಲ್ಲ. ನಿಜವಾದ ದಾಖಲೆ ಹರಿಯದೆ, ಮಡಚದೆ ಕಚೇರಿಗೆ ವಾಪಸು ಬಂದಿದೆ. ಆದ್ದರಿಂದ ಅವರು ಬರೆದದ್ದು ಇಷ್ಟು: ಸಂಪುಟದಲ್ಲಿ ಸಂಬಂಧವಿಲ್ಲದ ಹಾಳೆಯೊಂದು ಸೇರಿಕೊಂಡಿತ್ತು, ತೆಗೆಸಿ ಸರಿಯಾದ ಹಾಳೆ ಹಾಕಿಸಲಾಗಿದೆ, ಗುಮಾಸ್ತರು ನಿಯಮದಂತೆ ನಡೆದಿದ್ದಾರೆ. ನಾನು ಮಾಡಿದ್ದು ಅಂತ ಬರೆಯಿರಿ ಸಾರ್ ಎಂದು ರಟ್ಟಕ್ಕ ಕೇಳಿಕೊಂಡಳು. ಹಾಳೆ ಸಂಬಂಧವಿಲ್ಲದ್ದು ಎಂದ ಮೇಲೆ ಅದನ್ನು ಹಾಕಿದವರ ಸಂಬಂಧವೂ ಬರುವುದಿಲ್ಲ ಎಂದು ಅವರು ಪೆನ್ನಿನ ಮುಚ್ಚಳ ಹಾಕಿದರು.

ಅವಳ ಜಾಗಕ್ಕೆ ಇನ್ನೂ ಯಾರನ್ನೂ ತೆಗೆದುಕೊಂಡಿರಲಿಲ್ಲ. ಹಿಂದಿನ ಕೋಣೆಯ ಮೇಜಿನ ಮೇಲೆ ಖಾಲಿ ಪೆಟ್ಟಿಗೆಗಳನ್ನು ಪೇರಿಸಿದ್ದರು. ಅವನ್ನು ಇಳಿಸಿ, ಸ್ಪಂಜು ಒದ್ದೆ ಮಾಡಿ, ಸೂಜಿ ಹಿಡಿದು ಕೂತಳು. ದಾಖಲೆ ತೆರೆಯುವಾಗ ಅಧಿಕಾರಿ ಎದುರಿಗಿರಬೇಕೆಂಬ ನಿಯಮವಿದ್ದದ್ದರಿಂದ ಸೂಪರಿಂಟೆಂಡೆಂಟರು ಕಿಟಕಿಗೆ ಒರಗಿ ಕೈಕಟ್ಟಿ ನಿಂತು ಕೊನೆಯವರೆಗೂ ನೋಡಿದರು. ಬಟ್ಟೆ ಸಡಿಲಿದ್ದು, ದಾರ ಎದ್ದದ್ದು, ಹಾಳೆ ಹೊರಬಂದದ್ದು, ಇನ್ನೊಂದು ಒಳಹೋದದ್ದು, ಗಂಟು ತನ್ನ ಜಾಗದಲ್ಲಿ ಕೂತದ್ದು. ಮುಗಿದ ಮೇಲೆ ಸಂಪುಟ ಕೈಗೆ ತೆಗೆದುಕೊಂಡು ಭೂತಗನ್ನಡಿ ಇಟ್ಟು ನೋಡಿ, ತಮ್ಮ ಕೋಣೆಗೆ ಹೋದರು. ಅಂದಿನಿಂದ ಅವರು ಪ್ರತಿ ಹಾಳೆಯ ಮೂಲೆಯಲ್ಲೂ ತಮ್ಮ ಚಿಕ್ಕ ಸೈನು ಹಾಕತೊಡಗಿದರು ಎಂದು ಆಮೇಲೆ ಸುದ್ದಿ ಬಂತು.

ಗುಮಾಸ್ತನಿಗೆ ಅವಳೇ ಹೇಳಿದಳು. ಕಾರಿಡಾರಿನಲ್ಲಿ ನಿಲ್ಲಿಸಿ, ನೀವು ನೋಡಿದ್ದೇ ಸರಿ, ಹಾಳೆ ಬದಲಾಯಿಸಿದವಳು ನಾನು ಎಂದಳು. ಅವನು ಕನ್ನಡಕ ತೆಗೆದು ಅವಳನ್ನು ನೋಡಿದ.

‘ಹಾಗಾದ್ರೆ ನನ್ನ ತಲೆ ನೆಟ್ಟಗಿದೆ,’ ಎಂದ.

‘ನೆಟ್ಟಗಿದೆ.’

ಅವನು ಅಲ್ಲೇ ಗೋಡೆಗೆ ಒರಗಿ, ನೋಟೀಸು ಬಂದಾಗಿನಿಂದ ಹಿಡಿದಿಟ್ಟಿದ್ದ ಉಸಿರು ಬಿಟ್ಟು, ಹೆಂಡತಿಗೆ ಫೋನು ಮಾಡಲು ಹೋದ. ಕೋಪ ಬರಲು ಅವನಿಗೆ ಮೂರು ದಿನ ಹಿಡಿಯಿತು. ಗುರುವಾರ ಸಂಜೆ ರಟ್ಟಕ್ಕನಿಗೆ ಫೋನು ಮಾಡಿ ಐದು ನಿಮಿಷ ಚೆನ್ನಾಗಿ ಕೋಪ ಮಾಡಿಕೊಂಡ. ಅವಳು ಪೂರ್ತಿ ಕೇಳಿಸಿಕೊಂಡಳು. ಕೊನೆಗೆ ಅವನೇ, ಊಟ ಆಯ್ತಾ ಎಂದು ಕೇಳಿ ಇಟ್ಟ.

ತಪ್ಪೊಪ್ಪಿಕೊಂಡ ಆ ಸೋಮವಾರ ಅವಳು ಕಚೇರಿಯಿಂದ ಮನೆಗೆ ಬಂದಾಗ ಮಧ್ಯಾಹ್ನವಾಗಿತ್ತು. ತಂಗಿ ಎಡಮಗ್ಗುಲಾಗಿ ಮಲಗಿ ಸಿನಿಮಾ ನೋಡುತ್ತಿದ್ದಳು. ರಟ್ಟಕ್ಕ ಕುರ್ಚಿ ಎಳೆದುಕೊಂಡು ಮೊದಲಿನಿಂದ ಕೊನೆಯವರೆಗೆ ಎಲ್ಲ ಹೇಳಿದಳು. ತಂಗಿ ಸಿನಿಮಾ ನಿಲ್ಲಿಸಿ, ಮೂವತ್ತು ವರ್ಷ ಇನ್ನೊಬ್ಬರ ಮಾತು ಕೇಳಿ ಸಂಬಳ ತೆಗೆದುಕೊಂಡವಳ ಹಾಗೆ, ನಡುವೆ ಬಾಯಿ ಹಾಕದೆ ಕೇಳಿದಳು.

‘ನಂಗೋಸ್ಕರ ಮಾಡಿದ್ಯಾ?’

‘ಹ್ಞೂಂ.’

‘ನಂಗೆ ಟ್ಯಾಬ್ಲೆಟ್ ಬೇಕು ಅಂತ ನಾನು ಯಾವಾಗ ಹೇಳ್ದೆ?’

ರಟ್ಟಕ್ಕ ಯೋಚಿಸಿ ನೋಡಿದಳು. ಹೇಳಿರಲಿಲ್ಲ. ಗುಮಾಸ್ತ, ಟೈಪಿನವಳು, ಡ್ರೈವರು, ಅಂಗಡಿಯಾಕೆ, ಎಲ್ಲರ ಮಾತೂ ಕೇಳಿದ್ದಳು. ಮನೆಯಲ್ಲಿ ಮಲಗಿದ್ದವಳನ್ನು ಕೇಳಿರಲಿಲ್ಲ.

‘ಫೋನು ಮುಖದ ಮೇಲೆ ಬೀಳ್ತಿತ್ತಲ್ಲ,’ ಎಂದಳು.

‘ಬೀಳ್ತಿತ್ತು. ಟ್ಯಾಬ್ಲೆಟ್ಟಾಗಿದ್ರೆ ಇನ್ನೂ ದೊಡ್ಡದು ಬೀಳ್ತಿತ್ತು,’ ಎಂದು ತಂಗಿ ಸರಿದು ಮಂಚದಲ್ಲಿ ಜಾಗ ಮಾಡಿದಳು. ‘ಬಾ. ಕೂತ್ರೆ ಇದು ನಿಂಗೆ ಅಡ್ಡಡ್ಡ ಕಾಣುತ್ತೆ. ಮಲಕ್ಕೋ.’

ಹಗಲು ಹೊತ್ತು ಮಲಗಿದ್ದು ರಟ್ಟಕ್ಕನಿಗೆ ನೆನಪಿರಲಿಲ್ಲ. ಸ್ವಲ್ಪ ಹೊತ್ತು ಕುರ್ಚಿಯಲ್ಲೇ ಕತ್ತು ವಾಲಿಸಿ ನೋಡಿದಳು. ಆಮೇಲೆ ತಂಗಿಯ ಬೆನ್ನ ಹಿಂದೆ ಅದೇ ಮಗ್ಗುಲಿಗೆ ಮೈಚಾಚಿ, ಅವಳ ಭುಜದ ಮೇಲಿಂದ ಪರದೆಯ ಕಡೆ ನೋಡಿದಳು. ಯಾರೋ ಒಬ್ಬ ರೈಲು ತಪ್ಪಿಸಿಕೊಂಡು ಪ್ಲಾಟ್‌ಫಾರಮ್ಮಿನಲ್ಲಿ ನಿಂತಿದ್ದ. ಅವನು ಯಾರು ಎಂದು ಕೇಳಿದಳು. ತಂಗಿ ಹಿಂದಿನ ಕತೆಯನ್ನು ಉದ್ದಕ್ಕೂ ಹೇಳಿ ಮುಗಿಸಿ ತಿರುಗಿ ನೋಡುವಷ್ಟರಲ್ಲಿ ಅಕ್ಕ ನಿದ್ದೆ ಹೋಗಿದ್ದಳು. ತಂಗಿ ಸದ್ದು ಕಮ್ಮಿ ಮಾಡಿ ಸಿನಿಮಾ ಪೂರ್ತಿ ನೋಡಿದಳು.